ಸಂಜೆ ಜತೆಗೆ ನಡೆಯುತ್ತಿದ್ದವರು

ಪ್ರೊಫೆಸರ್ ತೀರಿಕೊಂಡ ಮೇಲೆ ನಮ್ಮ ಬೀದಿಯಲ್ಲಿ ಅವರ ಕಾದಂಬರಿಯ ಪಾತ್ರವಲ್ಲದವರು ಯಾರೂ ಉಳಿಯಲಿಲ್ಲ. ಬದುಕಿದ್ದಾಗ ಅವರು ಕಾಲೇಜಿನಲ್ಲಿ ಸಾಹಿತ್ಯ ಪಾಠ ಮಾಡುತ್ತಿದ್ದರು, ಮನೆಯಲ್ಲಿ ಕಾದಂಬರಿ ಬರೆಯುತ್ತಿದ್ದರು, ಅದನ್ನೂ ನಮ್ಮ ಸೀಮೆಯ ಆಡುಮಾತಿನಲ್ಲೇ ಬರೆಯುತ್ತಿದ್ದರು. ದೊಡ್ಡ ಊರಿನ ಪ್ರಕಾಶಕರು "ಮಾತು ಸ್ವಲ್ಪ ತಿದ್ದಿಕೊಡಿ" ಅಂದಾಗ ಹಸ್ತಪ್ರತಿಯನ್ನು ವಾಪಸ್ ತರಿಸಿಕೊಂಡು, ತಾವೇ ಅಚ್ಚು ಹಾಕಿಸಿ, ಆ ಪುಸ್ತಕಗಳನ್ನು ಮನೆಯ ಮೆಟ್ಟಿಲುಗಳ ಮೇಲೆ ಪೇರಿಸಿಟ್ಟು, ಉಳಿದ ಆಯುಷ್ಯವೆಲ್ಲ ಮೈ ಓರೆ ಮಾಡಿಕೊಂಡು ಮೆಟ್ಟಿಲು ಹತ್ತಿ ಇಳಿದವರು ಅವರು. ಆಗ ಯಾರೂ ಓದಲಿಲ್ಲ. ಈಗಲೂ ಯಾರೂ ಓದಲಿಲ್ಲ. ಆದರೆ ಎಲ್ಲರೂ ಅದರೊಳಗೆ ಹೋಗಿ ಕೂತುಬಿಟ್ಟರು.

"ಎರಡನೇ ಕಾದಂಬರೀಲಿ ಒಬ್ಬ ದರ್ಜಿ ಬರ್ತಾನಲ್ಲ, ಅದು ನಾನೇ," ಅಂತ ಕ್ಷೌರದಂಗಡಿಯಲ್ಲಿ ದರ್ಜಿ ಹೇಳಿದ. ಸತ್ಯ ಹೇಳುವ ಕ್ಷೌರಿಕ ತಾನೇ ಎಂದು ಕ್ಷೌರಿಕ ಹೇಳಿದ. ಬ್ಯಾಂಕಿನ ಕಾವಲುಗಾರನಿಗೆ ಬೇರೆ ಯಾವ ಪಾತ್ರವೂ ಉಳಿದಿರಲಿಲ್ಲವಾದ್ದರಿಂದ, "ಆ ಕಳ್ಳ ಇದಾನಲ್ಲ, ಅವನು ನಾನು," ಎಂದು ಎದೆ ಉಬ್ಬಿಸಿಕೊಂಡು ಒಪ್ಪಿಕೊಂಡ.

ಕುರ್ಚಿಯಲ್ಲಿ ಮುಖಕ್ಕೆ ಸೋಪಿನ ನೊರೆ ಬಳಿಸಿಕೊಂಡು ಕೂತಿದ್ದವರು ನಮ್ಮ ಸೋರಿಕೆ ಸಾಹೇಬರು. ನೀರು ಸರಬರಾಜು ಕಚೇರಿಯಲ್ಲಿ ಅವರು ಗುಮಾಸ್ತರು. ಊರಲ್ಲಿ ಎಲ್ಲಿ ಪೈಪು ಒಡೆದರೂ, ಯಾವ ನಲ್ಲಿ ತೊಟ್ಟಿಕ್ಕಿದರೂ ದೂರು ಅವರ ಮೇಜಿಗೆ ಬರುತ್ತದೆ, ಹಾಗಾಗಿ ಬೀದಿಯವರು ಇಟ್ಟ ಹೆಸರು ಅದು.

"ಪಾಪ, ನಿಮ್ಮ ಆಫೀಸ್ನೋರು ಯಾರೂ ಬರಲ್ಲ ಅಲ್ವಾ ಸಾಹೇಬ್ರೇ, ಅವರ ಪುಸ್ತಕದಲ್ಲಿ?" ಅಂತ ದರ್ಜಿ ಕನಿಕರದಿಂದ ಕೇಳಿದ.

ಬೈದಿದ್ದರೆ ಸಾಹೇಬರು ಸಹಿಸಿಕೊಳ್ಳುತ್ತಿದ್ದರು. ಈ "ಪಾಪ" ಮಾತ್ರ ಮೈ ಉರಿಸಿತು. "ಪುಸ್ತಕದಲ್ಲಿ ಯಾಕ್ರೀ ಇರಬೇಕು ನಾನು? ದಿನಾ ಸಂಜೆ ಅವರ ಜತೇಲೇ ನಡೀತಿದ್ದೋನು!" ಅಂದುಬಿಟ್ಟರು.

ಕತ್ತಿ ಅವರ ಗಲ್ಲದ ಮೇಲೆ ನಿಂತುಹೋಯಿತು.

ನಿಜ ಹೇಳಬೇಕೆಂದರೆ ಅವರು ಪ್ರೊಫೆಸರ್ ಜತೆ ಮಾತಾಡಿದ್ದು ಒಂದೇ ಸಲ. ಮನೆಯ ನಲ್ಲಿ ಸೋರುತ್ತದೆಂದು ಪ್ರೊಫೆಸರ್ ಕಚೇರಿಗೆ ಬಂದಿದ್ದರು, ಇವರು "ಅರ್ಜಿ ಬರೆದುಕೊಡಿ" ಅಂದಿದ್ದರು. ಪ್ರೊಫೆಸರ್ ಅದನ್ನು ಎಷ್ಟು ಚೆನ್ನಾಗಿ ಬರೆದುಕೊಟ್ಟರೆಂದರೆ ಸೋರುತ್ತಿರುವುದು ನಲ್ಲಿಯೋ ಕಾಲವೋ ಎಂದು ಎಂಜಿನಿಯರಿಗೆ ತಿಳಿಯದೆ ಕೊನೆಗೆ ಯಾರೂ ರಿಪೇರಿಗೆ ಹೋಗಲೇ ಇಲ್ಲ.

ಅದೇ ದಿನ ನಿವೃತ್ತ ಗ್ರಂಥಪಾಲಕರು ಸಾಹೇಬರ ಮನೆಗೆ ಏದುಸಿರು ಬಿಡುತ್ತ ಬಂದರು. ಅವರು ಪ್ರೊಫೆಸರ್ ನೆನಪಿನ ಸಮಿತಿಯ ಕಾರ್ಯದರ್ಶಿ. ನಾನು ಸಾಹೇಬರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಕೆಳಗಿನ ಮಾತು ನನಗೆ ಪ್ರಯತ್ನವಿಲ್ಲದೆ ಕೇಳಿಸುತ್ತದೆ, ಪ್ರಯತ್ನಪಟ್ಟರೆ ಇನ್ನೂ ಚೆನ್ನಾಗಿ ಕೇಳಿಸುತ್ತದೆ.

"ಎಲ್ಲಿದ್ರಿ ಮಹಾರಾಯ್ರೇ ಇಷ್ಟು ದಿನ! ಅವರ ಪ್ರತಿ ಪುಸ್ತಕದ ಮೊದಲನೇ ಪುಟದಲ್ಲೂ ಒಂದೇ ಅರ್ಪಣೆ: ಸಂಜೆ ಜತೆಗೆ ನಡೆಯುವ ಗೆಳೆಯನಿಗೆ. ಯಾರಪ್ಪಾ ಈ ಗೆಳೆಯ ಅಂತ ನಾನು ಹುಡುಕದ ಜಾಗ ಇಲ್ಲ. ನೋಡಿದೋರೆಲ್ಲ, ಅವರು ಒಬ್ಬರೇ ಮಾತಾಡ್ಕೊಂಡು ಹೋಗ್ತಿದ್ರು ಅಂತಾರೆ!"

ಸಾಹೇಬರು ಮೆಲ್ಲಗೆ ಕೇಳಿದರು, "ಒಬ್ಬರೇನಾ?"

"ಒಬ್ಬರೇ ಅಲ್ಲ ಅಂತ ಈಗ ಗೊತ್ತಾಯ್ತಲ್ಲ! ನೀವು ಪಕ್ಕದಲ್ಲೇ ಇದ್ರಿ, ಜನ ನಿಮ್ಮನ್ನ ಗಮನಿಸಿಲ್ಲ, ಅಷ್ಟೇ. ಗುಮಾಸ್ತರನ್ನ ಯಾರು ಕಣ್ಣಿಟ್ಟು ನೋಡ್ತಾರೆ ಹೇಳಿ? ಭಾನುವಾರ ಬೆಳಿಗ್ಗೆ ಸಭೆ. ನೀವೇ ಮುಖ್ಯ ಭಾಷಣಕಾರರು."

ಅವರು ಹೋದ ಮೇಲೆ ಸಾಹೇಬರ ಹೆಂಡತಿ ಅಡುಗೆಮನೆಯಿಂದ ಬಂದರು. "ನೀವು ಯಾವಾಗ ನಡೆದ್ರಿ ಅವರ ಜತೆ? ಮೂಲೆ ಅಂಗಡೀಗೆ ಹೋಗಿ ಬನ್ನಿ ಅಂದ್ರೆ ಮಂಡಿ ನೋವು ಅಂತೀರಿ."

"ನೀನು ಸುಮ್ನಿರು. ಒಂದು ಸಲ ಮಾತಾಡಿ ಬಂದ್ರೆ ಮುಗೀತು," ಅಂದರು ಸಾಹೇಬರು.

ಭಾನುವಾರ ಗ್ರಂಥಾಲಯದ ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಪ್ರೊಫೆಸರ್ ಹೆಂಡತಿ, ಇಡೀ ಬೀದಿ "ಪ್ರೊಫೆಸರಮ್ಮ" ಎಂದು ಕರೆಯುವವರು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದು, ಪ್ರೊಫೆಸರ್ ತರಗತಿಗೆ ಬೆನ್ನು ಹಾಕಿ ಕಿಟಕಿ ನೋಡಿಕೊಂಡೇ ಪಾಠ ಮಾಡುತ್ತಿದ್ದರೆಂದೂ, ಆದರೂ ಹಿಂದೆ ನಿದ್ದೆ ಮಾಡಿದವನ ಹೆಸರು ಹಿಡಿದು ಕೂಗುತ್ತಿದ್ದರೆಂದೂ ಹೇಳಿದರು. ಆಮೇಲೆ ಸಾಹೇಬರ ಸರದಿ. ಮೈಕಿನ ಮುಂದೆ ನಿಂತು, ಬೆವರು ಒರೆಸಿಕೊಂಡು, ಬಾಯಿಗೆ ಬಂದದ್ದನ್ನು ಹೇಳಿದರು.

"ಅವರು ಕಾಲೇಜಿಂದ ಬರುವಾಗ ಒಂದು ಸೀಮೆಸುಣ್ಣ ತರ್ತಿದ್ರು. ಅಂಚೆಪೆಟ್ಟಿಗೆ ಹತ್ರ ನಿಂತು ಅದನ್ನ ಎರಡು ತುಂಡು ಮಾಡಿ, ಒಂದನ್ನ ಎಸೆದು, ಇನ್ನೊಂದನ್ನ ಜೇಬಿಗೆ ಹಾಕ್ಕೊಂಡು, 'ಹೇಳದೆ ಉಳಿದದ್ದು ಇಷ್ಟು' ಅನ್ನೋರು."

ಚಪ್ಪಾಳೆ ಬೀಳುವ ಮೊದಲೇ ಪ್ರೊಫೆಸರಮ್ಮ ಎದ್ದು ನಿಂತರು. "ಅವರ ಪ್ರತಿ ಅಂಗಿ ಜೇಬಲ್ಲೂ ಅರ್ಧ ಸೀಮೆಸುಣ್ಣ ಇತ್ತು," ಅಂದರು. "ಒಗೆಯುವಾಗ ತೆಗೆದು ಡಬ್ಬಕ್ಕೆ ಹಾಕ್ತಿದ್ದೆ. ಯಾಕೆ ಅಂತ ಕೇಳಿದ್ರೆ ಹೇಳ್ತಿರಲಿಲ್ಲ. ಈ ಮಾತನ್ನ ನಾನು ಯಾರಿಗೂ ಹೇಳಿಲ್ಲ. ನನ್ನ ಮಗನಿಗೂ ಹೇಳಿಲ್ಲ."

ಚಪ್ಪಾಳೆ ಆಮೇಲೆ ಬಿತ್ತು, ಅದೂ ಎಂಥ ಚಪ್ಪಾಳೆ! ಅದರ ನಡುವೆ ಬೆಪ್ಪಾಗಿ ನಿಂತಿದ್ದವರು ಸಾಹೇಬರೊಬ್ಬರೇ. ಹೇಳಿದ ಸುಳ್ಳು ಬಯಲಾದರೆ ಏನು ಮಾಡಬೇಕೆಂದು ಅವರು ಯೋಚಿಸಿಕೊಂಡು ಬಂದಿದ್ದರು. ನಿಜವಾದರೆ ಏನು ಮಾಡಬೇಕೆಂದು ಯಾರು ತಾನೇ ಯೋಚಿಸಿಕೊಂಡು ಬರುತ್ತಾರೆ?

ಮನೆಗೆ ಬಂದು ಕೂತರು. ಹೆಂಡತಿ ಟೀ ತಂದಿಟ್ಟರು. ಸಾಹೇಬರು ಲೋಟವನ್ನು ತುಂಬ ಹೊತ್ತು ನೋಡಿ ಕೇಳಿದರು, "ನಾನು ಟೀಗೆ ಸಕ್ಕರೆ ಹಾಕ್ಕೋತೀನಾ?"

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಬಿದ್ದು ಬಿದ್ದು ನಕ್ಕಳು. "ಅಪ್ಪ ದೊಡ್ಡ ಮನುಷ್ಯರಾದ್ರು ಕಣಮ್ಮ!"

ಹೆಂಡತಿಯೂ ನಕ್ಕರು. ಆದರೆ ಸಾಹೇಬರು ತಮಾಷೆ ಮಾಡಿರಲಿಲ್ಲ. ಅವರಿಗೆ ಅದು ನಿಜವಾಗಿಯೂ ಗೊತ್ತಿರಲಿಲ್ಲ.

ಅಷ್ಟು ಚಪ್ಪಾಳೆ ಬಿದ್ದ ಮೇಲೆ ಸಮಿತಿ ಬಿಡಲಿಲ್ಲ, ಮುಂದಿನ ಭಾನುವಾರವೂ ಸಭೆ ಕರೆಯಿತು. ಆ ಎರಡನೇ ಸಭೆಗೆ ಸಾಹೇಬರು ಒಂದು ಉಪಾಯ ಮಾಡಿಕೊಂಡು ಹೋದರು. ಯಾರೂ ನಂಬದಂಥದ್ದನ್ನು ಹೇಳಿದರೆ ಜನ ನಕ್ಕು ಬಿಟ್ಟುಬಿಡುತ್ತಾರೆ ಎಂಬುದು ಲೆಕ್ಕಾಚಾರ. "ಪ್ರೊಫೆಸರಿಗೆ ದರ್ಜಿ ಅಂಗಡಿ ಗೊಂಬೆ ಕಂಡ್ರೆ ಬಹಳ ಗೌರವ," ಅಂದರು. "ಅದೇ, ಗಾಜಿನ ಹಿಂದೆ ಕೋಟು ಹಾಕಿ ನಿಲ್ಲಿಸಿರ್ತಾರಲ್ಲ, ತಲೆ ಇಲ್ಲದ್ದು. ಅದರ ಮುಂದೆ ನಿಂತು, ಕನ್ನಡಕ ತೆಗೆದು, 'ಇವತ್ತು ಏನು ಬರೆದ್ರಿ?' ಅಂತ ಕೇಳೋರು. ಉತ್ತರಕ್ಕೆ ಕಾಯೋರು. ಆಮೇಲೆ ತಲೆ ಆಡಿಸ್ಕೊಂಡು ಮುಂದೆ ಹೋಗೋರು."

ಸಭೆ ನಕ್ಕಿತು. ಸಾಹೇಬರು ನಿಟ್ಟುಸಿರು ಬಿಟ್ಟರು. ಅಷ್ಟರಲ್ಲಿ ಮಧ್ಯದ ಸಾಲಿನಿಂದ ದರ್ಜಿ ಎದ್ದ.

"ನಗಬೇಡಿ. ನಾನು ಒಳಗಿಂದ ನೋಡ್ತಿದ್ದೆ, ದಿನಾ. ನಂಗೆ ಭಯ ಆಗಿ ಅಂಗಡಿ ಮುಚ್ಚುವಾಗ ಗೊಂಬೇನ ಗೋಡೆ ಕಡೆ ತಿರುಗಿಸಿ ಇಡೋಕೆ ಶುರು ಮಾಡ್ದೆ. ಬೆಳಿಗ್ಗೆ ಬಂದು ನೋಡಿದ್ರೆ ಅದು ಬೀದಿ ಕಡೆಗೇ ತಿರುಗಿರ್ತಿತ್ತು." ಸ್ವಲ್ಪ ತಡೆದು ಸೇರಿಸಿದ, "ಈಗಲೂ ತಿರುಗತ್ತೆ."

ಯಾರೂ ನಗಲಿಲ್ಲ. ಸಭೆಯ ಅಧ್ಯಕ್ಷರು ಮಾತ್ರ ಕಿವಿ ಸರಿಯಾಗಿ ಕೇಳಿಸದ ಕಾರಣ "ಬಹಳ ಮಾರ್ಮಿಕವಾದ ಪ್ರಸಂಗ" ಎಂದು ಮೆಚ್ಚಿದರು.

ಮಾರನೆಯ ದಿನ ಕಚೇರಿಯಲ್ಲಿ ದೊಡ್ಡ ಪೈಪು ಒಡೆದ ಸುದ್ದಿ ಬಂತು. ಯಾವ ಬೀದಿಯ ಕೆಳಗೆ ನೀರು ನಿಲ್ಲಿಸುವ ಯಾವ ಕವಾಟ ಇದೆ ಎಂಬುದು ನಕ್ಷೆಗಿಂತ ಸಾಹೇಬರಿಗೆ ಚೆನ್ನಾಗಿ ಗೊತ್ತು ಅಂತ ಎಂಜಿನಿಯರ್ ನಕ್ಷೆಯನ್ನೇ ಎಲ್ಲೋ ಕಳೆದುಕೊಂಡಿದ್ದರು. "ಎಲ್ಲಿ ಮುಚ್ಚಿಸಲಿ, ಬೇಗ ಹೇಳಿ!" ಅಂತ ಕೂಗಿದರು.

ಸಾಹೇಬರು ಕಣ್ಣು ಮುಚ್ಚಿ ಯೋಚಿಸಿದರು. ಕವಾಟದ ಜಾಗ ಹೊಳೆಯಲಿಲ್ಲ. ಹೊಳೆದದ್ದು ಕಿಟಕಿಯ ಪಕ್ಕದ ಒಂದು ಕಪ್ಪುಹಲಗೆ, ಬೆನ್ನ ಹಿಂದೆ ಬೆಂಚುಗಳ ಕಿರಿಕಿರಿ, ಬೆರಳ ತುದಿಯಲ್ಲಿ ಒಣ ಪುಡಿ. "ಹಿಂದೆ ಯಾರೋ ನಿದ್ದೆ ಮಾಡ್ತಿದ್ದಾರೆ," ಅಂದರು.

ನಿಜಕ್ಕೂ ನಿದ್ದೆ ಮಾಡುತ್ತಿದ್ದ ಜವಾನ ಗಾಬರಿಯಿಂದ ಎದ್ದ. ಎಂಜಿನಿಯರ್ ತಲೆ ಚಚ್ಚಿಕೊಂಡರು. ಅಂದು ಪ್ರತಿ ಬೀದಿಯ ಕವಾಟವನ್ನೂ ಮುಚ್ಚಿ ನೋಡುವಷ್ಟರಲ್ಲಿ ಮಾರುಕಟ್ಟೆಯಲ್ಲಿ ಮೊಣಕಾಲುದ್ದ ನೀರು, ಉಳಿದ ಊರಿನಲ್ಲಿ ತೊಟ್ಟು ನೀರಿಲ್ಲ. ಸಾಹೇಬರಿಗೆ ವಿಶ್ರಾಂತಿ ಬೇಕೆಂದು ತೀರ್ಮಾನಿಸಿ ರಜೆ ಕೊಟ್ಟು ಮನೆಗೆ ಕಳಿಸಿದರು. ಜನ ಮಾತ್ರ ತಪ್ಪು ತಿಳಿಯಲಿಲ್ಲ. "ಗೆಳೆಯ ಹೋದ ದುಃಖ," ಅಂತ ಲೊಚಗುಟ್ಟಿದರು.

ಮೂರನೇ ಸಭೆಗೆ ಅವರು ಹೋಗುವುದಿಲ್ಲ ಅಂದರು. ಗ್ರಂಥಪಾಲಕರು ಬಾಗಿಲಲ್ಲೇ ನಿಂತು ಕೈಹಿಡಿದು ಕರೆದೊಯ್ದರು. ದಾರಿಯಲ್ಲಿ ಸಾಹೇಬರಿಗೆ ಕಡೆಯ ಉಪಾಯ ಹೊಳೆಯಿತು. ಊರಿನ ಹಳೆಯ ನೀರಿನ ಗೋಪುರದ ಬೀಗದ ಕೈ ಇರುವುದು ಇವರ ಮೇಜಿನ ಡ್ರಾಯರಿನಲ್ಲಿ. ಇವರು ಕೊಡದೆ ಅದರ ಬಾಗಿಲು ತೆರೆಯುವುದಿಲ್ಲ, ಇವರು ಯಾರಿಗೂ ಕೊಟ್ಟಿಲ್ಲ. ಹಾಗಾಗಿ ಇದು ಸುಳ್ಳೇ ಆಗಬೇಕು, ಬೇರೆ ದಾರಿಯೇ ಇಲ್ಲ.

"ಒಂದು ಸಂಜೆ ನಾನೂ ಅವರೂ ನೀರಿನ ಗೋಪುರ ಹತ್ತಿದ್ವಿ," ಅಂದರು ಮೈಕಿನಲ್ಲಿ, ಹೆಚ್ಚುಕಡಿಮೆ ಖುಷಿಯಿಂದ. "ಮೇಲೆ ನಿಂತು ಊರು ನೋಡಿ, 'ಇವರಲ್ಲಿ ಒಬ್ಬರೂ ನನ್ನ ಓದಿಲ್ಲ, ನಾನು ಮಾತ್ರ ಇವರನ್ನೆಲ್ಲ ಓದಿಬಿಟ್ಟೆ' ಅಂದ್ರು."

ಸಭಾಂಗಣದ ಬಾಗಿಲ ಬಳಿ ನಿಂತಿದ್ದ ಗೋಪುರದ ಕಾವಲುಗಾರ ಟೋಪಿ ತೆಗೆದ. "ನಿಜ ಸ್ವಾಮಿ. ಬಾಗಿಲು ತೆರೆದಿದ್ದು ನೋಡಿ ನಾನು ಕೆಳಗೇ ನಿಂತಿದ್ದೆ. ಮೇಲೆ ಇಬ್ಬರಿದ್ರು. ಒಬ್ಬರು ಪ್ರೊಫೆಸರು." ಅವನ ಬೆರಳು ನಿಧಾನವಾಗಿ ವೇದಿಕೆಯ ಕಡೆಗೆ ಎದ್ದಿತು. "ಇನ್ನೊಬ್ಬರು ಇವರೇ."

ಸಾಹೇಬರು ಮೈಕಿನ ಕಂಬ ಹಿಡಿದುಕೊಂಡರು. ಭಯವಾದದ್ದು ಕಾವಲುಗಾರನ ಮಾತಿಗಲ್ಲ. ಅವನು ಹೇಳುತ್ತಿದ್ದ ಹಾಗೇ ಅಂಗೈಗೆ ಕಬ್ಬಿಣದ ಏಣಿಯ ತುಕ್ಕು ಒರಟಾಗಿ ತಾಗಿತು, ಪಕ್ಕದಲ್ಲಿ ಇನ್ನೊಬ್ಬರ ಏದುಸಿರು ಕೇಳಿಸಿತು. ಅವರಿಗೆ ಎಲ್ಲ ನೆನಪಿತ್ತು.

ಆ ವಾರ ಅವರ ಸ್ವಂತ ತಂಗಿ ಬಂದಳು. ಅಣ್ಣ ಸಭೆಯಲ್ಲಿ ಮಾತಾಡುತ್ತಾನಂತೆ ಎಂದು ಕೇಳಿ, ಖುಷಿಯಿಂದ ಹಣ್ಣಿನ ಬುಟ್ಟಿ ಹಿಡಿದು ಬಂದವಳು. ಸಾಹೇಬರು ಎದ್ದು ನಿಂತು ಕೈಮುಗಿದು, "ಸಮಿತಿಯಿಂದ ಬಂದ್ರಾ?" ಅಂತ ಕೇಳಿದರು. ತಂಗಿ ಮೊದಲು ನಕ್ಕಳು, ಆಮೇಲೆ ರೇಗಿದಳು, ಆಮೇಲೆ ಬುಟ್ಟಿಯನ್ನು ಅಲ್ಲೇ ಕುಕ್ಕಿ ಅಳುತ್ತ ಹೋದಳು. "ದೊಡ್ಡೋರ ಸಹವಾಸ ಆದ್ಮೇಲೆ ಒಡಹುಟ್ಟಿದೋಳು ಕಣ್ಣಿಗೆ ಕಾಣ್ತಾಳಾ!" ಎಂದು ಅವಳು ಬೀದಿಯ ಕೊನೆಯವರೆಗೂ ಹೇಳಿಕೊಂಡು ಹೋದದ್ದು ನನಗೆ ಕೇಳಿಸಿತು.

ಅಂದು ಹೆಂಡತಿ ಗಂಡನನ್ನು ಎದುರು ಕೂರಿಸಿಕೊಂಡರು. "ನಾನು ಲೆಕ್ಕ ಹಾಕಿದೀನಿ. ಅಲ್ಲಿ ಹೋಗಿ ಒಂದು ನೆನಪು ಹೇಳಿ ಬರ್ತೀರಿ, ಇಲ್ಲಿ ನಿಮ್ಮದೊಂದು ಹೋಗತ್ತೆ. ಮೊದಲು ಸಕ್ಕರೆ ಹೋಯ್ತು, ನಾನು ನಕ್ಕೆ. ಕೆಲಸ ಹೋಯ್ತು, ಸುಸ್ತು ಅಂದ್ಕೊಂಡೆ. ಇವತ್ತು ತಂಗಿ ಹೋದ್ಲು. ಇನ್ನು ಹೋಗೋಕೆ ಏನಿದೆ ಹೇಳಿ?"

ಸಾಹೇಬರು ಬುಟ್ಟಿಯಿಂದ ಉರುಳಿದ್ದ ಒಂದು ಹಣ್ಣನ್ನು ಎತ್ತಿಟ್ಟರು.

"ನಮ್ಮಪ್ಪನ ಮನೇಗೆ ನೀವು ನೀರಿನ ಮೀಟರ್ ಓದೋಕೆ ಬಂದಿದ್ದು ನೆನಪಿದೆಯಾ?"

"ಅದು ಮರೆಯೋದುಂಟಾ?" ಸಾಹೇಬರ ಮುಖ ಅರಳಿತು. "ಮೀಟರ್ ಗುಂಡಿಯೊಳಗೆ ಬಗ್ಗಿದೆ, ಕನ್ನಡಕ ಬಿತ್ತು. ನೀನು ಅಡುಗೆಮನೆಯಿಂದ ಸೌಟು ತಂದು ತೆಗೆದುಕೊಟ್ಟೆ. ನಾನು ಬೇಕಂತಲೇ ತಪ್ಪು ಬರ್ಕೊಂಡು ಮಾರನೇ ದಿನ ಮತ್ತೆ ಬಂದೆ. ಅದರ ಮಾರನೇ ದಿನಾನೂ ಬಂದೆ. ನಿಮ್ಮಪ್ಪ, ನಮ್ಮ ಮನೆ ಮೀಟರನ್ನ ದಿನಾ ಓದ್ತಾರೆ ಅಂತ ಆಫೀಸಿಗೆ ದೂರು ಕೊಟ್ರು!"

ಇಬ್ಬರೂ ನಕ್ಕರು. ನಗು ಮುಗಿಯುವ ಮೊದಲೇ ಹೆಂಡತಿಯ ಕಣ್ಣಲ್ಲಿ ನೀರು ಬಂತು. "ಇನ್ನು ಅಲ್ಲಿಗೆ ಹೋಗಬೇಡಿ," ಅಂದರು. ಸಾಹೇಬರು ಹೋಗುವುದಿಲ್ಲವೆಂದು ಆಣೆ ಮಾಡಿದರು. ಗ್ರಂಥಪಾಲಕರು ಬಂದಾಗ ಸಾಹೇಬರಿಗೆ ಗಂಟಲು ಕಟ್ಟಿದೆಯೆಂದು ನಾನೇ ಮಹಡಿಯಿಂದ ಕೂಗಿ ಹೇಳಿ ಕಳಿಸಿದೆ.

ಸಭೆಗೆ ಹೋಗದಿದ್ದರೆ ಸಾಕಲ್ಲ ಅಂತ ನಾವೆಲ್ಲ ಅಂದುಕೊಂಡೆವು. ಒಂದು ಮಧ್ಯಾಹ್ನ ಪ್ರೊಫೆಸರಮ್ಮನೇ ಮನೆಗೆ ಬಂದರು.

ಕುರ್ಚಿಯ ಅಂಚಿನಲ್ಲಿ ಕೂತರು. ನೀರು ಕೊಟ್ಟರೆ ಕುಡಿಯಲಿಲ್ಲ. "ಸಭೇಲಿ ಕೇಳೋ ವಿಷಯ ಅಲ್ಲ, ಅದಕ್ಕೆ ಬಂದೆ," ಅಂದರು. "ಆ ಕೊನೇ ದಿನ ನಮ್ಮಲ್ಲಿ ಜಗಳ ಆಯ್ತು. ಮೆಟ್ಟಿಲ ಮೇಲಿನ ಪುಸ್ತಕ ತಾಗಿ ನಾನು ಬಿದ್ದೆ. ಸಿಟ್ಟಲ್ಲಿ ಅಂದುಬಿಟ್ಟೆ, 'ಯಾರು ಓದ್ತಾರೆ ಇದನ್ನೆಲ್ಲ? ನಿಮ್ಮ ಹೆಂಡತಿಯಾಗಿ ನಾನೇ ಒಂದು ಪುಟ ಓದಿಲ್ಲ' ಅಂತ. ಅವರು ಏನೂ ಅನ್ನಲಿಲ್ಲ. ಚಪ್ಪಲಿ ಮೆಟ್ಕೊಂಡು ಸಂಜೆ ನಡೆಯೋಕೆ ಹೋದ್ರು. ವಾಪಸ್ ಬಂದು ಕುರ್ಚೀಲಿ ಕೂತ್ರು. ನಾನು ಟೀ ತರೋಷ್ಟರಲ್ಲಿ ಹೋಗಿಬಿಟ್ಟಿದ್ರು."

ಅವರು ಕೈಚೀಲದ ಹಿಡಿಯನ್ನು ಹಿಂಡುತ್ತಿದ್ದರು. "ನೀವು ಜತೇಲಿದ್ರಿ. ಆ ಮಾತಿಗೆ ಅವರು ಏನಂದ್ರು, ಅಷ್ಟು ಹೇಳಿ. ಬೈದಿದ್ರೂ ಹೇಳಿ. ನಂಗೆ ಊಟ ಸೇರ್ತಿಲ್ಲಪ್ಪ."

ಸಾಹೇಬರು "ನಾನು ಸುಳ್ಳು ಹೇಳಿದ್ದೆ, ನಾನು ಅವರ ಜತೆ ಒಂದು ಹೆಜ್ಜೆಯೂ ನಡೆದಿಲ್ಲ" ಅಂದುಬಿಡಬಹುದಿತ್ತು. ಆದರೆ ಅದೂ ಈಗ ನಿಜವಾಗಿ ಉಳಿದಿರಲಿಲ್ಲ. ಅವರು ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಹೆಂಡತಿ ಅಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ತಲೆ ಅಲ್ಲಾಡಿಸಿ ಬೇಡವೆಂದರು. ಆಮೇಲೆ ಪ್ರೊಫೆಸರಮ್ಮನ ಕೈಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಹೇಳಿ," ಅಂದರು ಕೊನೆಗೆ. "ನಂಗೆ ನೆನಪಿದೆಯಲ್ಲ, ಒಂದು ಮನೆಗೆ ಅಷ್ಟು ಸಾಕು."

ಸಾಹೇಬರು ಕಣ್ಣು ಮುಚ್ಚಿಕೊಂಡರು. ಬಾಯಿಂದ ಬಂದ ದನಿ ಅವರದೇ, ಆದರೆ ಮಾತಿನ ನಡಿಗೆ ಬೇರೆ ಯಾರದೋ. "ಅವರು ನಕ್ಕರು ಕಣಮ್ಮ. 'ಓದಿಲ್ಲ ಅಂತ ನಂಗೆ ಗೊತ್ತಿಲ್ವಾ? ಅವಳು ಯಾಕೆ ಓದಬೇಕು? ಅದರಲ್ಲಿರೋ ಮಾತೆಲ್ಲ ಅವಳದೇ. ಅವಳು ಅಡುಗೆಮನೇಲಿ ಆಡಿದ್ದು, ನಾನು ಬಾಗಿಲ ಹಿಂದೆ ಕೂತು ಬರ್ಕೊಂಡಿದ್ದು. ಇವತ್ತು ಹೋಗಿ ಹೇಳಿಬಿಡ್ತೀನಿ' ಅಂದ್ರು."

ಪ್ರೊಫೆಸರಮ್ಮ ಕೈಚೀಲದ ಹಿಡಿಯನ್ನು ಬಿಟ್ಟರು. "ಬಾಗಿಲ ಹಿಂದೆ ಕುರ್ಚಿ ಹಾಕ್ಕೊಂಡು ಕೂತಿರ್ತಿದ್ರು, ಹೌದು," ಅಂದರು. "ಅಲ್ಲಿ ಗಾಳಿ ಚೆನ್ನಾಗಿ ಬರತ್ತೆ ಅನ್ನೋರು. ಅಲ್ಲಿ ಗಾಳಿ ಎಲ್ಲಿ ಬರತ್ತೆ, ಅದು ಮೂಲೆ!" ಅವರು ಅಳುತ್ತ ನಗುತ್ತ ಎದ್ದರು, ಸಾಹೇಬರ ತಲೆ ಸವರಿದರು, ಬಾಗಿಲ ಮುಂದಿನ ಮೆಟ್ಟಿಲಿಳಿದು ಹೋದರು. ಅವರು ಅಷ್ಟು ಹಗುರವಾಗಿ ನಡೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಒಳಗೆ ಸಾಹೇಬರು ಕಣ್ಣು ತೆರೆದು ಎದುರು ನಿಂತವರನ್ನು ನೋಡಿದರು. ಗೌರವದಿಂದ ಎದ್ದರು. "ನಿಂತೇ ಇದ್ದೀರಲ್ಲ, ಕೂತ್ಕೊಳ್ಳಿ. ನೀವು ಅವರ ಜತೆ ಬಂದೋರಾ?"

ಬರುತ್ತದೆಂದು ಗೊತ್ತಿದ್ದ ಮಾತು. ಆದರೂ ಅದು ಎದೆಗೆ ನಾಟಿತು. ಹೆಂಡತಿ ಕೂತರು, ಸೆರಗಿನಿಂದ ಮುಖ ಒರೆಸಿಕೊಂಡರು, ಹೇಳಲು ಶುರು ಮಾಡಿದರು. ಮೀಟರಿನ ಗುಂಡಿ, ಕನ್ನಡಕ, ಸೌಟು, ದಿನಾ ಬರುತ್ತಿದ್ದುದು, ಅಪ್ಪನ ದೂರು. ಸಾಹೇಬರು ಬೇರೆಯವರ ಮನೆಯ ಕಥೆ ಕೇಳುವ ಹಾಗೆ ಮರ್ಯಾದೆಯಿಂದ ಹೂಂಗುಟ್ಟಿದರು. ಕಣ್ಣಲ್ಲಿ ಏನೂ ಹೊಳೆಯಲಿಲ್ಲ.

ಕಥೆ ಮುಗಿದುಹೋಯಿತು. ಹೆಂಡತಿಗೆ ಅದನ್ನು ಮುಗಿಯಗೊಡಲು ಮನಸ್ಸಿರಲಿಲ್ಲ. ಮದುವೆಯಾದಾಗಿನಿಂದ ಗಂಡನ ಬಾಯಿಂದ ಕೇಳಬೇಕೆಂದಿದ್ದೂ ಕೇಳದೇ ಹೋದ ಒಂದು ಮಾತಿತ್ತು. ಅದನ್ನು ಅವರೇ ಸೇರಿಸಿದರು. "ಕನ್ನಡಕ ಹಾಕ್ಕೊಂಡು ನನ್ನ ನೋಡಿ, 'ಇಷ್ಟು ದಿನ ನಾನು ಏನನ್ನೂ ಸರಿಯಾಗಿ ನೋಡೇ ಇರಲಿಲ್ಲ' ಅಂದ್ರಿ."

ಆ ಮನುಷ್ಯ ಅಂಥ ಮಾತನ್ನು ಜನ್ಮದಲ್ಲಿ ಆಡಿದವರಲ್ಲ. ಆದರೆ ಈಗ ಅವರ ಮುಖದ ಮೇಲೆ ನಿಧಾನವಾಗಿ ಏನೋ ಬದಲಾಯಿತು. "ಹೌದು," ಅಂದರು. "ಅಂದಿದ್ದೆ. ಸೌಟು ನಿನ್ನ ಎಡಗೈಲಿತ್ತು. ನಾನು ಹಾಗಂದ ಕೂಡ್ಲೆ ಅದನ್ನ ಬೆನ್ನ ಹಿಂದೆ ಬಚ್ಚಿಟ್ಕೊಂಡೆ. ಅದರಿಂದ ನೀರು ತೊಟ್ಟಿಕ್ತಾನೇ ಇತ್ತು."

ನೀರು ತೊಟ್ಟಿಕ್ಕಿದ್ದು, ಹಿಮ್ಮಡಿಗೆ ತಣ್ಣಗೆ ತಾಗಿದ್ದು ಹೆಂಡತಿಗೂ ನೆನಪಾಯಿತು. ಅಂದಿದ್ದರು, ನಿಜವಾಗಿಯೂ ಅಂದಿದ್ದರು. ಸಂತೋಷ ತಡೆಯಲಾರದೆ ಅವರು ಗಂಡನ ಕೈ ಹಿಡಿದುಕೊಂಡರು. ಇಬ್ಬರೂ ಹಾಗೇ ಕೂತರು.

ಔಷಧಿ ಅಂಗಡಿಯಿಂದ ಬಂದ ಮಗಳು ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಅಪ್ಪ ಅಮ್ಮ ಕೈ ಹಿಡಿದು ಕೂತದ್ದನ್ನು ಹುಟ್ಟಿದಾಗಿನಿಂದ ಕಂಡವಳಲ್ಲ. "ಏನಿದು ಇಬ್ಬರೂ? ನಂಗೂ ಹೇಳಿ!" ಎಂದು ನಕ್ಕಳು.

ಸಾಹೇಬರು ಹೆಂಡತಿಯ ಮುಖ ನೋಡಿದರು, ಗೊತ್ತಿದ್ದವರು ಪರಿಚಯ ಮಾಡಿಸಲಿ ಎಂದು. ಹೆಂಡತಿ ಗಡಿಬಿಡಿಯಿಂದ ಕೈ ಬಿಡಿಸಿಕೊಂಡು ಎದ್ದು, ಬಂದ ಹುಡುಗಿಗೆ ಕುರ್ಚಿ ಎಳೆದುಕೊಟ್ಟರು.

"ಬಾಮ್ಮ, ಕೂತ್ಕೋ," ಅಂದರು ಅಕ್ಕರೆಯಿಂದ. "ನೀನು ಯಾರ ಮನೆ ಮಗಳು?"